ಮಳೆಗಾಲದಲ್ಲಿ ಉಗ್ರಾಣಕ್ಕೆ ಶೀತ ಹಿಡಿಯದ ಹಾಗೆ ನೋಡಿಕೊಳ್ಳುವುದು

ಆರಿದ್ರಾ ಮಳೆ ಹಿಡಿದು ನಾಲ್ಕು ದಿನ ಆಯ್ತು ಅಂದರೆ ನಮ್ಮನೆ ಹರಳುಪ್ಪಿನ ಭರಣಿಯ ತಳದಲ್ಲಿ ನೀರು ಕಾಣಿಸುತ್ತದೆ. ಯಾರೂ ನೀರು ಹಾಕಿಲ್ಲ. ಗಾಳಿಯಲ್ಲಿದ್ದ ನೀರನ್ನೇ ಉಪ್ಪು ಎಳೆದುಕೊಂಡಿದೆ. ಅದೇ ಗಾಳಿ ಪಕ್ಕದ ಉಗ್ರಾಣದಲ್ಲೂ ಇದೆ. ಅಲ್ಲಿ ಕಾಳುಮೆಣಸಿನ ಚೀಲ, ಚಾಲಿ ಅಡಿಕೆ, ಅಕ್ಕಿ, ಹಪ್ಪಳದ ಡಬ್ಬ, ರೇಷ್ಮೆ ಸೀರೆಯ ಟ್ರಂಕು, ಜಮೀನಿನ ಕಾಗದಪತ್ರ ಎಲ್ಲ ಇವೆ. ಉಪ್ಪು ನೀರು ಕುಡಿದದ್ದು ಕಣ್ಣಿಗೆ ಕಾಣುತ್ತದೆ. ಉಳಿದವು ಕುಡಿದದ್ದು ಗೊತ್ತಾಗುವಾಗ ಆಗಸ್ಟ್ ಬಂದಿರುತ್ತದೆ.

ನಾವಿರುವುದು ತೀರ್ಥಹಳ್ಳಿ ಕಡೆ. ಆಗುಂಬೆ ದೂರವಿಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಇಂಥ ಊರಿನಲ್ಲಿ ಕೋಣೆ ಒಣಗಿಸಿಟ್ಟುಕೊಳ್ಳುವುದು ಒಂದು ಕೆಲಸವೇ. ಕೆಲವು ವರ್ಷದ ಹಿಂದೆ ನಾನು ಬೆಲೆ ಬರಲಿ ಅಂತ ಒಂದು ಚೀಲ ಮೆಣಸನ್ನು ಉಗ್ರಾಣದ ಪಡುವಣ ಗೋಡೆಗೆ ಒರಗಿಸಿ ಇಟ್ಟಿದ್ದೆ. ದಿನಾ ಬೆಳಿಗ್ಗೆ ಗಾಳಿ ಆಡಲಿ ಅಂತ ಕಿಟಕಿ ತೆಗೆಯುತ್ತಿದ್ದೆ. ಆಶ್ಲೇಷ ಮಳೆಯಲ್ಲಿ ಚೀಲ ಬಿಚ್ಚಿ ನೋಡಿದೆ. ಮೇಲಿನ ಕಾಳು ಕಪ್ಪಗೆ, ಚೆನ್ನಾಗಿಯೇ ಇತ್ತು. ಮೊಣಕೈವರೆಗೆ ಕೈ ಇಳಿಸಿದಾಗ ಒಳಗೆ ಬೆಚ್ಚಗೆ, ಅಂಟಂಟು. ಹೊರಗೆಳೆದ ಮುಷ್ಟಿಯಲ್ಲಿ ಕಾಳಿನ ಸುಕ್ಕುಸುಕ್ಕಿಗೆಲ್ಲ ಬಿಳಿ ಬೂಷ್ಟು ಕೂತಿತ್ತು. ಗೋಡೆಗೆ ತಾಗಿದ್ದ ಬದಿಯ ಗೋಣಿ ಹಿಚುಕಿದರೆ ಕೈಗೆ ಪಸೆ ಹತ್ತುತ್ತಿತ್ತು.

ಅವತ್ತಿನಿಂದ ಈ ವಿಷಯವನ್ನು ಅಳತೆ ಮಾಡಿ, ಲೆಕ್ಕ ಹಾಕಿ ಕಲಿತೆ. ನಾನು ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಉಗ್ರಾಣ ಒಣಗಿಸುವ ಕಾಲ ಮಳೆಗಾಲ ಅಲ್ಲ, ಬೇಸಿಗೆ. ಮಳೆಗಾಲದಲ್ಲಿ ಮಾಡಬೇಕಾದದ್ದು ಹೊಸ ನೀರು ಒಳಗೆ ಬರದಂತೆ ಮುಚ್ಚಿಡುವುದು, ಮತ್ತು ಕೋಣೆಗಿಂತ ಡಬ್ಬಗಳ ಮೇಲೆ ಜಾಸ್ತಿ ಗಮನ ಕೊಡುವುದು.

ಗಾಳಿಯಲ್ಲಿ ಎಷ್ಟು ನೀರಿದೆ?

ಬಿಸಿ ಗಾಳಿ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ತಣ್ಣನೆ ಗಾಳಿ ಕಡಿಮೆ. ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿಯುತ್ತದೆ. 25 ಡಿಗ್ರಿಯಲ್ಲಿ 23 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ. ಗಾಳಿಯ ತೇವ ಶೇಕಡಾ 90 ಅಂದರೆ, ಆ ಬಿಸಿಯಲ್ಲಿ ಹಿಡಿಯಬಹುದಾದ ನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಆಗಲೇ ತುಂಬಿದೆ ಅಂತ ಅರ್ಥ.

ಈಗ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಉಗ್ರಾಣ ತಗೊಳ್ಳಿ. ಅದರಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿಯಲ್ಲಿ ತೇವವನ್ನು 90ರಿಂದ 60ಕ್ಕೆ ಇಳಿಸಬೇಕಾದರೆ ತೆಗೆಯಬೇಕಾದ ನೀರು ಎಷ್ಟು ಗೊತ್ತಾ? ಬರೀ 200 ಮಿಲಿ, ಒಂದು ಲೋಟ.

ಇಷ್ಟೇನಾ ಅನ್ನಿಸುತ್ತದೆ. ಆದರೆ ಹೆಂಚಿನ ಸಂದು, ಬಾಗಿಲ ಕೆಳಗಿನ ಕಿಂಡಿ, ಸರಿಯಾಗಿ ಕೂರದ ಕಿಟಕಿ ಎಲ್ಲದರಿಂದ ಹೊರಗಿನ ಗಾಳಿ ನುಗ್ಗುತ್ತಲೇ ಇರುತ್ತದೆ. ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಯಿತು ಅಂತ ಇಟ್ಟುಕೊಂಡರೆ ದಿನಕ್ಕೆ 24 ಲೋಟ. ಅಂದರೆ ಹತ್ತಿರ ಹತ್ತಿರ 5 ಲೀಟರ್. ಒಂದು ಮೂಲೆಯಲ್ಲಿ ಬಟ್ಟಲಲ್ಲಿ ಸುಣ್ಣ ಇಟ್ಟರೆ, ನಾಲ್ಕು ಪೊಟ್ಟಣ ಸಿಲಿಕಾ ಜೆಲ್ ತೂಗುಹಾಕಿದರೆ ಯಾಕೆ ಏನೂ ಆಗುವುದಿಲ್ಲ ಅಂತ ಇದರಿಂದಲೇ ತಿಳಿಯುತ್ತದೆ. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಹೀರೀತು. ದಿನಕ್ಕೆ 5 ಲೀಟರಿಗೆ 15 ಕೆಜಿ ಬೇಕು. ಯಾರಿಂದ ಆಗುತ್ತದೆ?

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನೀರು ಇರುವುದು ಗಾಳಿಯಲ್ಲಲ್ಲ, ಸಾಮಾನಿನಲ್ಲಿ. 10 ಕೆಜಿ ಹತ್ತಿ ಬಟ್ಟೆ ಶೇಕಡಾ 60ರ ಗಾಳಿಯಲ್ಲಿ ಇದ್ದದ್ದು 90ರ ಗಾಳಿಗೆ ಬಂದರೆ ಸುಮಾರು ಅರ್ಧ ಲೀಟರ್ ನೀರು ಜಾಸ್ತಿ ಕುಡಿಯುತ್ತದೆ. ಮುಟ್ಟಿ ನೋಡಿದರೆ ಸ್ವಲ್ಪ ತಣ್ಣಗಿದೆ ಅನ್ನಿಸುತ್ತದೆ ಅಷ್ಟೇ. ಗೋಣಿ, ಪುಸ್ತಕ, ಮರದ ಹಲಗೆ, ಮಣ್ಣಿನ ಗೋಡೆ ಎಲ್ಲವೂ ಹಾಗೆಯೇ.

ಮೊದಲ ಕೆಲಸ: ಒಂದು ಮೀಟರ್ ತನ್ನಿ, ಅದನ್ನು ಪರೀಕ್ಷೆ ಮಾಡಿ

ಬಿಸಿ ಮತ್ತು ತೇವ ಎರಡನ್ನೂ ತೋರಿಸುವ ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡು ತಗೊಳ್ಳಿ. ಒಂದು ಉಗ್ರಾಣದ ಒಳಗೆ, ಇನ್ನೊಂದು ಜಗಲಿಯಲ್ಲಿ, ಮಳೆ ತಾಗದ ಬಿಸಿಲು ಬೀಳದ ಜಾಗದಲ್ಲಿ. ಕಡಿಮೆ ಬೆಲೆಯ ಮೀಟರುಗಳು ಐದರಿಂದ ಹತ್ತು ಅಂಕ ತಪ್ಪು ತೋರಿಸುವುದು ಮಾಮೂಲು. ಹಾಗಾಗಿ ಉಪ್ಪಿನ ಪರೀಕ್ಷೆ ಮಾಡಲೇಬೇಕು.

ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಮೇಲೆ ಕೆಲವು ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿನೊಳಗೆ ಇಟ್ಟು, ಒಂದಕ್ಕೊಂದು ತಾಗದ ಹಾಗೆ ನೋಡಿಕೊಂಡು, ಗಾಳಿಯಾಡದಂತೆ ಮುಚ್ಚಿ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವ ಯಾವತ್ತೂ ಶೇಕಡಾ 75ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಮ್ಮ ಮೀಟರ್ 80 ತೋರಿಸಿದರೆ ಅದು 5 ಜಾಸ್ತಿ ಹೇಳುತ್ತದೆ ಅಂತ ಹಿಂಬದಿಗೆ ಬರೆದು ಅಂಟಿಸಿಡಿ.

ಅಂದ ಹಾಗೆ ಪುಡಿ ಉಪ್ಪು ಗಾಳಿಯಲ್ಲಿ ನೀರಾಗುವುದೂ 75 ದಾಟಿದ ಮೇಲೆಯೇ. ಹರಳುಪ್ಪಿನಲ್ಲಿ ಬೇರೆ ಲವಣಗಳೂ ಸೇರಿರುವುದರಿಂದ ಅದು ಇನ್ನೂ ಮುಂಚೆಯೇ ಒದ್ದೆಯಾಗುತ್ತದೆ. ಭರಣಿ ನೋಡಿ ಮಳೆಯ ಜೋರು ಹೇಳುತ್ತಿದ್ದ ನಮ್ಮಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು.

ಎಷ್ಟಿದ್ದರೆ ಒಳ್ಳೆಯದು? 60ರ ಒಳಗಿದ್ದರೆ ನಿಶ್ಚಿಂತೆ. 65ರವರೆಗೆ ಪರವಾಗಿಲ್ಲ. 70 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಬರುತ್ತದೆ. 85, 90 ಇದ್ದರೆ ವಾರವೂ ಬೇಡ.

ಎರಡನೆಯದು: ನೀರು ಎಲ್ಲಿಂದ ಬರುತ್ತಿದೆ ಹುಡುಕಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಗಾಳಿಯ ನೀರು ತೆಗೆಯುವ ಮಿಷನ್ (ಡಿಹ್ಯೂಮಿಡಿಫೈಯರ್) ತರುವ ಮೊದಲು, ನೀರು ಹೀರುವ ಪೊಟ್ಟಣ ತರುವ ಮೊದಲು ಇದು ಆಗಬೇಕು.

ಜೋರು ಮಳೆಯ ದಿನ ಟಾರ್ಚ್ ಹಿಡಿದುಕೊಂಡು ಉಗ್ರಾಣದ ಒಳಗೆ ಹೋಗಿ. ಹೆಂಚು ಹೊತ್ತ ಮರದ ಪಕಾಸು, ರೀಪುಗಳ ಮೇಲೆ ಕಪ್ಪು ಕಲೆ ಇದೆಯಾ ನೋಡಿ. ಹನಿ ಬೀಳದಿದ್ದರೂ ಹೆಂಚಿನ ಸಂದಿನಿಂದ ನೀರು ರೀಪಿನ ಗುಂಟ ಹರಿದು ಗೋಡೆಯ ತಲೆಗೆ ಇಳಿಯುತ್ತಿರಬಹುದು. ನಂತರ ಹೊರಗೆ ಬಂದು ಮನೆ ಸುತ್ತ ಒಂದು ಸುತ್ತು ಹಾಕಿ. ಸೂರಿನ ನೀರು ಎಲ್ಲಿ ಬೀಳುತ್ತಿದೆ? ನೆಲಕ್ಕೆ ಬಿದ್ದ ಹನಿ ಸಿಡಿದು ಗೋಡೆಯ ಬುಡವನ್ನು ಒಂದೂವರೆ, ಎರಡು ಅಡಿ ಎತ್ತರದವರೆಗೆ ನೆನೆಸುತ್ತಿದೆಯಾ? ಹಾಗಿದ್ದರೆ ಅಲ್ಲಿ ದಪ್ಪ ಜಲ್ಲಿ ಹಾಸಿ. ಹನಿ ಜಲ್ಲಿಯ ನಡುವೆ ಇಳಿದು ಹೋಗುತ್ತದೆ, ಸಿಡಿಯುವುದಿಲ್ಲ. ಪಡುವಣ ಗೋಡೆಗೆ ಎರಚಲು ಹೊಡೆಯುತ್ತಿದ್ದರೆ ಮೇ ತಿಂಗಳಲ್ಲೇ ಅಡಿಕೆ ಸೋಗೆಯ ತಟ್ಟಿ ಕಟ್ಟಿ. ಈಗ ಶೀಟು ಹಾಕುವವರೂ ಇದ್ದಾರೆ, ಅದೂ ಆಗುತ್ತದೆ. ಆದರೆ ಶೀಟು ಮತ್ತು ಗೋಡೆಯ ನಡುವೆ ಒಂದು ಗೇಣು ಜಾಗ ಬಿಡಿ.

ಮನೆ ಹಿಂದೆ ದರೆ ಇದ್ದರೆ ಅದನ್ನು ಮರೆಯಬೇಡಿ. ಮಲೆನಾಡಿನಲ್ಲಿ ಗುಡ್ಡ ಕಡಿದು ಮನೆ ಕಟ್ಟಿದ್ದೇ ಜಾಸ್ತಿ. ಜುಲೈ ಹೊತ್ತಿಗೆ ದರೆಯಿಂದ ಒಸರುವ ನೀರು ಸೀದಾ ಹಿಂಬದಿ ಗೋಡೆಯ ಬುಡಕ್ಕೆ ಬರುತ್ತದೆ. ಉಗ್ರಾಣ ಇರುವುದೂ ಸಾಮಾನ್ಯವಾಗಿ ಹಿಂಬದಿಯಲ್ಲೇ. ಗೋಡೆಯಿಂದ ಮೂರ್ನಾಲ್ಕು ಅಡಿ ದೂರದಲ್ಲಿ, ಉಗ್ರಾಣದ ನೆಲಕ್ಕಿಂತ ತಗ್ಗಿನಲ್ಲಿ ಒಂದು ಚರಂಡಿ ತೆಗೆದು ನೀರನ್ನು ಆಚೆ ಹರಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ನಮ್ಮನೆಯಲ್ಲಿ ಈ ಚರಂಡಿ ಎಲೆ ಬಿದ್ದು ಮುಚ್ಚಿಹೋಗಿತ್ತು. ಮೆಣಸು ಹಾಳಾಗಲು ಅದರ ಪಾಲೂ ಇತ್ತು ಅಂತ ಆಮೇಲೆ ಗೊತ್ತಾಯಿತು.

ನೀರು ಗೋಡೆಯಿಂದಲೇ ಬರುತ್ತಿದೆಯೋ, ಗಾಳಿಯಿಂದ ಬಂದು ಗೋಡೆಯ ಮೇಲೆ ಕೂರುತ್ತಿದೆಯೋ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ, ಇನ್ನೊಂದನ್ನು ನೆಲಕ್ಕೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಹನಿ ಇದ್ದರೆ ಗೋಡೆಯೇ ನೀರು ಕುಡಿದಿದೆ. ಕೋಣೆಯ ಕಡೆ ಮುಖದಲ್ಲಿ ಹನಿ ಇದ್ದರೆ ಅದು ಗಾಳಿಯ ನೀರು, ಗೋಡೆ ತಣ್ಣಗಿರುವುದರಿಂದ ಬೆವರುತ್ತಿದೆ. ಮೊದಲನೆಯದಕ್ಕೆ ಮದ್ದು ಹೊರಗಿದೆ: ಚರಂಡಿ, ಜಲ್ಲಿ, ತಟ್ಟಿ. ಎರಡನೆಯದಕ್ಕೆ ಮದ್ದು ಕೋಣೆ ಮುಚ್ಚುವುದರಲ್ಲಿದೆ.

ಒದ್ದೆ ಗೋಡೆಗೆ ಒಳಗಿನಿಂದ ಆಯಿಲ್ ಪೇಂಟ್ ಬಳಿಯಬೇಡಿ. ಒಂದು ವರ್ಷ ಚೆಂದ ಕಾಣುತ್ತದೆ. ಆಮೇಲೆ ಹಪ್ಪಳದ ಹಾಗೆ ಉಬ್ಬಿ ಉದುರುತ್ತದೆ, ಯಾಕೆಂದರೆ ಒಳಗಿನ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಕೆಂಪುಕಲ್ಲು, ಮಣ್ಣಿನ ಗೋಡೆಗೆ ಸುಣ್ಣವೇ ಸರಿ. ಸುಣ್ಣ ಬಳಿದ ಗೋಡೆ ಬೇಸಿಗೆಯಲ್ಲಿ ಆರುತ್ತದೆ, ಬೂಷ್ಟೂ ಸುಲಭಕ್ಕೆ ಹಿಡಿಯುವುದಿಲ್ಲ.

ಮನೆಯೊಳಗಿನ ನೀರೂ ಇದೆ. ಉಗ್ರಾಣದಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬಟ್ಟೆಯಿಂದ ಹೋದ ನೀರೆಲ್ಲ ಅಕ್ಕಿಗೆ, ಅಡಿಕೆಗೆ ಹೋಗುತ್ತದೆ. ಅಡುಗೆಮನೆ ಪಕ್ಕದಲ್ಲೇ ಉಗ್ರಾಣ ಇದ್ದರೆ ನಡುವಿನ ಬಾಗಿಲು ಮುಚ್ಚಿಡಿ. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆಜಿ ನೀರಾವಿ ಹುಟ್ಟುತ್ತದೆ. ಅನ್ನ, ಸಾರು ಕುದಿಯುವ ಆವಿ ಬೇರೆ.

ಮೂರನೆಯದು: ಬೇಸಿಗೆಯಲ್ಲಿ ತೆಗೆಯಿರಿ, ಮಳೆಗೆ ಮುಚ್ಚಿ

ಜನವರಿಯಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಮಧ್ಯಾಹ್ನದ ಗಾಳಿ ಗರಿಗರಿ ಇರುತ್ತದೆ. ಆಗ ದಿನಾ ಹನ್ನೊಂದರಿಂದ ನಾಲ್ಕರವರೆಗೆ ಉಗ್ರಾಣದ ಬಾಗಿಲು, ಕಿಟಕಿ ಪೂರ್ತಿ ತೆಗೆಯಿರಿ. ಸಾಮಾನೆಲ್ಲ ಅಂಗಳಕ್ಕೆ ಹಾಕಿ. ಸಂಜೆ ತಂಪು ಇಳಿಯುವ ಮೊದಲು ಮುಚ್ಚಿ, ಇಬ್ಬನಿ ಗಾಳಿ ಒಳಗೆ ಬರುವುದು ಬೇಡ. ಮೂರು ತಿಂಗಳು ಹೀಗೆ ಮಾಡಿದರೆ ಗೋಡೆ, ನೆಲ, ಹಲಗೆ ಎಲ್ಲ ಒಳಗಿಂದ ಒಣಗುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದ ಮೇಲೆ ಗಾಳಿಯಲ್ಲಿ ನೀರು ಏರುತ್ತದೆ. ಮೃಗಶಿರಾ ಮಳೆಯವರೆಗೆ ಕಾಯುತ್ತಾ ಕೂತರೆ ತಡವಾಯಿತು.

ಮಳೆಗಾಲದಲ್ಲಿ ಕಿಟಕಿ ತೆಗೆಯಬಹುದಾ, ಬೇಡವಾ? ಇದಕ್ಕೆ ಮೀಟರಿನ ಶೇಕಡಾ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಹೊರಗೆ 75, ಒಳಗೆ 80 ತೋರಿಸಿದರೂ ಹೊರಗಿನ ಗಾಳಿಯಲ್ಲೇ ಜಾಸ್ತಿ ನೀರಿರಬಹುದು, ಯಾಕೆಂದರೆ ಹೊರಗೆ ಬಿಸಿ ಜಾಸ್ತಿ. ಹಾಗಾಗಿ ಗ್ರಾಂ ಲೆಕ್ಕ ಹಾಕಬೇಕು. 20 ಡಿಗ್ರಿಗೆ 17, 22ಕ್ಕೆ 19, 24ಕ್ಕೆ 22, 26ಕ್ಕೆ 24, 28ಕ್ಕೆ 27, 30ಕ್ಕೆ 30. ಈ ಅಂಕಿಗಳನ್ನು ಬಾಗಿಲ ಹಿಂದೆ ಬರೆದಿಡಿ. ಬಿಸಿಗೆ ತಕ್ಕ ಅಂಕಿಯನ್ನು ತೇವದ ಶೇಕಡಾದಿಂದ ಗುಣಿಸಿದರೆ ನಿಜವಾಗಿ ಎಷ್ಟು ನೀರಿದೆ ಅಂತ ಸಿಗುತ್ತದೆ.

ಒಂದು ಉದಾಹರಣೆ. ಉಗ್ರಾಣದಲ್ಲಿ 24 ಡಿಗ್ರಿ, ತೇವ 70. ಅಂದರೆ 22ರಲ್ಲಿ ಶೇಕಡಾ 70, ಹತ್ತಿರ ಹತ್ತಿರ 15 ಗ್ರಾಂ. ಹೊರಗೆ ಮಳೆ ಹೊಳವಾಗಿ ಬಿಸಿಲು ಬಂದಿದೆ, 28 ಡಿಗ್ರಿ, ತೇವ 75. ಅದು 20 ಗ್ರಾಂ. ಈಗ ಕಿಟಕಿ ತೆಗೆದರೆ ಪ್ರತಿ ಘನ ಮೀಟರಿಗೆ 5 ಗ್ರಾಂ ನೀರನ್ನು ನಾವೇ ಕರೆದು ಒಳಗೆ ಕೂರಿಸಿದ ಹಾಗೆ. ತಣ್ಣನೆಯ ಸಿಮೆಂಟು ನೆಲ ಬೆವರುವುದು ಇಂಥ ದಿನಗಳಲ್ಲೇ. ಜನವರಿಯ ಮಧ್ಯಾಹ್ನ 30 ಡಿಗ್ರಿ, ತೇವ 40 ಇದ್ದರೆ 12 ಗ್ರಾಂ. ಆಗ ಧಾರಾಳವಾಗಿ ತೆಗೆಯಿರಿ.

ಹೋದ ಜುಲೈಯಲ್ಲಿ ಪಕ್ಕದ ಮನೆ ಅಕ್ಕ ಬಂದವರು, "ಬಿಸಿಲು ಬಿತ್ತಲ್ಲ ಮಾರಾಯ್ತಿ, ಆ ಕೋಣೆ ಬಾಗಿಲು ಒಂದ್ಸಲ ತೆಗಿ" ಅಂದರು. "ಬೇಡ ಅಕ್ಕ, ಹೊರಗಿನ ಗಾಳಿಯಲ್ಲೇ ಜಾಸ್ತಿ ನೀರಿದೆ" ಅಂತ ಎರಡೂ ಮೀಟರ್ ತೋರಿಸಿ ಲೆಕ್ಕ ಹೇಳಿದೆ. ಅವರು ತಮ್ಮನೆಯ ನೆಲ ಯಾಕೆ ಬಿಸಿಲು ಬಂದ ದಿನವೇ ಒದ್ದೆಯಾಗುತ್ತದೆ ಅಂತ ಕೇಳಿದರು. ಉತ್ತರ ಇದೇ.

ಒಳಗೂ ಹೊರಗೂ ಎರಡೂ ಕಡೆ 90 ಮೀರಿದ್ದರೆ ಮಾತ್ರ ಮುಚ್ಚಿಟ್ಟು ಪ್ರಯೋಜನ ಇಲ್ಲ. ಆಗ ಒಂದು ಸಣ್ಣ ಫ್ಯಾನ್ ಹಾಕಿ ಗಾಳಿ ಆಡಿಸುವುದೇ ಮೇಲು. ಫ್ಯಾನ್ ನೀರು ತೆಗೆಯುವುದಿಲ್ಲ. ಆದರೆ ಮೂಲೆಯಲ್ಲಿ, ಚೀಲದ ಹಿಂದೆ ತಣ್ಣನೆ ಗಾಳಿ ನಿಲ್ಲದ ಹಾಗೆ ಮಾಡುತ್ತದೆ. ಎಕ್ಸಾಸ್ಟ್ ಫ್ಯಾನ್ ಬೇಡ. ಅದು ಎಷ್ಟು ಗಾಳಿ ಹೊರಗೆ ದೂಡುತ್ತದೋ ಅಷ್ಟೇ ಮಳೆಗಾಳಿ ಬೇರೆ ಸಂದಿನಿಂದ ಒಳಗೆ ಬರುತ್ತದೆ.

ಮುಚ್ಚುವುದು ಅಂದರೆ ಬಾಗಿಲು ಎಳೆದುಕೊಳ್ಳುವುದಲ್ಲ. ಬಾಗಿಲ ಕೆಳಗಿನ ಕಿಂಡಿಗೆ ರಬ್ಬರ್ ಪಟ್ಟಿ, ಕಿಟಕಿಯ ಸುತ್ತ ಬೀಡಿಂಗ್ ಹಾಕಿಸಿ. ಬರೀ ಹೆಂಚಿನ ಮಾಡು ಇದ್ದರೆ ಕೋಣೆ ಮುಚ್ಚಿದರೂ ತೆರೆದ ಹಾಗೇ. ಹಳೆಯ ಮನೆಗಳಲ್ಲಿ ಉಗ್ರಾಣಕ್ಕೆ ಮರದ ಮುಚ್ಚಿಗೆ ಹಾಕಿ ಮೇಲೆ ಮಣ್ಣು ಹಾಸುತ್ತಿದ್ದದ್ದು ಸುಮ್ನೆ ಅಲ್ಲ. ಮುಚ್ಚಿಗೆ ಇಲ್ಲದಿದ್ದರೆ ಕನಿಷ್ಠ ದಪ್ಪ ಪ್ಲಾಸ್ಟಿಕ್ ಹಾಳೆಯನ್ನಾದರೂ ಒಳಗಿನಿಂದ ಎಳೆದು ಕಟ್ಟಿ.

ಸಾಮಾನು ಇಡುವ ರೀತಿ

ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ. ಗೋಡೆಯಿಂದ ಒಂದಡಿ ದೂರ, ಎರಡಡಿಯಾದರೆ ಇನ್ನೂ ಒಳ್ಳೆಯದು. ಹೊರಗೋಡೆಗಿಂತ ನಡುಗೋಡೆಯ ಕಡೆ. ಇಷ್ಟೇ. ಕೈ ತೂರಿಸಿ ಚೀಲದ ಹಿಂಬದಿ ಮುಟ್ಟಿ ನೋಡಲು ಆಗಬೇಕು, ಇಲ್ಲದಿದ್ದರೆ ಜಾಗ ಸಾಲದು ಅಂತ ತಿಳಿಯಿರಿ.

ಬೆಚ್ಚಗಿಡುವ ಉಪಾಯ

ಒಲೆಯ ಮೇಲಿನ ಅಟ್ಟ ನೆನಪಿದೆಯಾ? ಬೀಜದ ಭತ್ತ, ಮುರುಗಲು ಸಿಪ್ಪೆ, ಒಣಗಿಸಿದ ಮಾವಿನ ಹುಳಿ ಎಲ್ಲ ಅಲ್ಲಿರುತ್ತಿತ್ತು. ಬೆಳಗಿನಿಂದ ರಾತ್ರಿಯವರೆಗೆ ಒಲೆ ಉರಿಯುತ್ತಿತ್ತು, ಅಟ್ಟ ಬೆಚ್ಚಗಿರುತ್ತಿತ್ತು. ಗಾಳಿಯಿಂದ ನೀರು ತೆಗೆಯದಿದ್ದರೂ ಅದನ್ನು ಬಿಸಿ ಮಾಡಿದರೆ ತೇವದ ಶೇಕಡಾ ಇಳಿಯುತ್ತದೆ. 22 ಡಿಗ್ರಿಯಲ್ಲಿ 90 ತೇವ ಇದ್ದ ಗಾಳಿಯನ್ನು 27 ಡಿಗ್ರಿಗೆ ಏರಿಸಿದರೆ ತೇವ 68ರ ಹತ್ತಿರ ಬರುತ್ತದೆ. ಬರೀ ಐದು ಡಿಗ್ರಿಗೆ ಇಷ್ಟು ವ್ಯತ್ಯಾಸ. ಹೊಗೆಗೆ ಹುಳವೂ ಬರುತ್ತಿರಲಿಲ್ಲ. ಒಲೆ ಹೋಗಿ ಗ್ಯಾಸ್ ಬಂತು, ಅಟ್ಟ ಮಾತ್ರ ಅಲ್ಲೇ ಉಳಿಯಿತು. ಈಗ ಅದು ಮನೆಯಲ್ಲೇ ಜಾಸ್ತಿ ಆವಿ ಏರುವ ಜಾಗ. ಹಳೇ ಅಭ್ಯಾಸದಲ್ಲಿ ಅಲ್ಲಿ ಬೀಜ ಇಟ್ಟು ಕಳೆದುಕೊಂಡವರನ್ನು ನೋಡಿದ್ದೇನೆ, ತುಂಬ ಬೇಜಾರಾಗುತ್ತದೆ.

ಇದೇ ಉಪಾಯವನ್ನು ಕಪಾಟಿನಲ್ಲಿ ಮಾಡಬಹುದು. ಹಳೇ ಕಾಲದ 40 ಅಥವಾ 60 ವ್ಯಾಟಿನ ಬಿಸಿಯಾಗುವ ಬಲ್ಬನ್ನು ಕಪಾಟಿನ ತಳದಲ್ಲಿ ಹಾಕಿದರೆ ಒಳಗೆ ಕೆಲವು ಡಿಗ್ರಿ ಏರುತ್ತದೆ. ಎಲ್‌ಇಡಿ ಬಲ್ಬಿನಿಂದ ಆಗುವುದಿಲ್ಲ, ಅದರಲ್ಲಿ ಅಷ್ಟು ಬಿಸಿ ಇಲ್ಲ. ಬಲ್ಬಿನ ಸುತ್ತ ತಂತಿಯ ಪಂಜರ ಇರಲೇಬೇಕು. ಬಟ್ಟೆ, ಕಾಗದ ಅದಕ್ಕೆ ತಾಗಬಾರದು, ಮೇಲಿಂದ ಬೀಳಬಾರದು. ಹಳೆಯ ವೈರಿಂಗ್ ಇರುವ ಕೋಣೆಯಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ ಇದು ಖಂಡಿತ ಬೇಡ. ಕೆಂಡದ ಬಾಣಲೆ ತಂದು ಮುಚ್ಚಿದ ಕೋಣೆಯಲ್ಲಿ ಇಡುವುದಂತೂ ಬೇಡವೇ ಬೇಡ, ಆ ವಿಷಗಾಳಿಗೆ ಮನುಷ್ಯರ ಜೀವ ಹೋಗುತ್ತದೆ.

ಡಿಹ್ಯೂಮಿಡಿಫೈಯರ್ ತರುವುದಾದರೆ

ಕೋಣೆಯ ಸಂದು ಮುಚ್ಚದೆ ಮಿಷನ್ ತಂದರೆ ಅದು ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟ ಹಾಗೆ. ಮೊದಲು ಮುಚ್ಚಿ, ಆಮೇಲೆ ತನ್ನಿ. ಡಬ್ಬದ ಮೇಲೆ ದಿನಕ್ಕೆ 20 ಲೀಟರ್ ಅಂತ ಬರೆದಿರುವುದು ಸಾಮಾನ್ಯವಾಗಿ 30 ಡಿಗ್ರಿ, ಶೇಕಡಾ 80 ತೇವದ ಲೆಕ್ಕ. ನಮ್ಮ ಮಳೆಗಾಲದ 22, 23 ಡಿಗ್ರಿಯಲ್ಲಿ, ತೇವ 60ಕ್ಕೆ ಇಳಿಯುತ್ತಾ ಬಂದಾಗ ಅದರ ಅರ್ಧಕ್ಕಿಂತಲೂ ಕಡಿಮೆ ತೆಗೆಯುತ್ತದೆ. ಹಾಗಾಗಿ ಬೇಕಾದದ್ದಕ್ಕಿಂತ ಎರಡರಷ್ಟು ದೊಡ್ಡದು ನೋಡಿ. 55ಕ್ಕೋ 60ಕ್ಕೋ ಇಟ್ಟು ತಾನೇ ನಿಲ್ಲುವ ಸೌಕರ್ಯ, ಮತ್ತು ನೀರು ಪೈಪಿನಲ್ಲಿ ಹೊರಗೆ ಹೋಗುವ ವ್ಯವಸ್ಥೆ ಇರಲಿ. ತೊಟ್ಟಿ ತುಂಬಿ ಮಿಷನ್ ನಿಂತದ್ದು ಎರಡು ದಿನ ಗೊತ್ತಾಗದೇ ಹೋದರೆ ಪಟ್ಟ ಶ್ರಮ ನೀರಲ್ಲಿ ಹೋಯಿತು. 250 ವ್ಯಾಟಿನ ಮಿಷನ್ ದಿನಕ್ಕೆ ಹತ್ತು ಗಂಟೆ ಓಡಿದರೆ ಎರಡೂವರೆ ಯೂನಿಟ್ ಕರೆಂಟು.

ಆದರೆ ನಮ್ಮಲ್ಲಿ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟು ಇಲ್ಲದ್ದು ಹೊಸತೇನಲ್ಲ. ಅದು ಬಹುಪಾಲು ಆಗುವುದೂ ಅತಿ ಹೆಚ್ಚು ತೇವ ಇರುವ ದಿನಗಳಲ್ಲೇ. ಆದ್ದರಿಂದ ಮಿಷನ್ ನಂಬಿ ಚೀಲ ಬಿಚ್ಚಿಡಬೇಡಿ.

ಡಬ್ಬ, ಟ್ರಂಕು, ಚೀಲ

ನನ್ನ ಅನುಭವದಲ್ಲಿ ಕಡಿಮೆ ಖರ್ಚಿನಲ್ಲಿ ಜಾಸ್ತಿ ಉಳಿಸುವುದು ಇದು. ನಿಯಮ ಒಂದೇ: ಒಣಗಿದ್ದನ್ನು ಮಾತ್ರ ಮುಚ್ಚಿ. ಹಸಿ ಇದ್ದದ್ದನ್ನು ಗಾಳಿಯಾಡದಂತೆ ಮುಚ್ಚಿದರೆ ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಕಾಳು ಒಣಗಿದೆಯಾ ಅಂತ ನೋಡಲು ಒಂದು ಗಾಜಿನ ಬಾಟಲಿ ಸಾಕು. ಬಾಟಲಿ ಪೂರ್ತಿ ಒಣಗಿರಲಿ. ಅದರ ಮೂರನೇ ಒಂದು ಭಾಗಕ್ಕೆ ಭತ್ತ ಹಾಕಿ, ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪು ಎರಡು ಮೂರು ಚಮಚ ಹಾಕಿ, ಮುಚ್ಚಿ ಚೆನ್ನಾಗಿ ಕುಲುಕಿ. ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿನ ಗೋಡೆಗೆ ಅಂಟಿದರೆ ಕಾಳಿನಲ್ಲಿ ಶೇಕಡಾ 15ಕ್ಕಿಂತ ಜಾಸ್ತಿ ನೀರಿದೆ, ಮತ್ತೆ ಬಿಸಿಲಿಗೆ ಹಾಕಿ. ಅಂಟದೆ ಉದುರಿದರೆ ಆ ಮಟ್ಟಕ್ಕಿಂತ ಕೆಳಗೆ ಇದೆ. ಮಳೆಗಾಲ ಪೂರ್ತಿ ಇಡುವ ಭತ್ತಕ್ಕೆ 12, 13 ಆದರೆ ಕ್ಷೇಮ, ಅದಕ್ಕೆ ಇನ್ನೆರಡು ಬಿಸಿಲು ಜಾಸ್ತಿಯೇ ಕೊಡಿ. ಮೆಣಸಿಗೆ 10, 11. ಮೆಣಸಿಗೆ ಈ ಬಾಟಲಿಯ ಪರೀಕ್ಷೆ ಸಾಲುವುದಿಲ್ಲ. ಕೊಳ್ಳುವವರ ಹತ್ತಿರ ತೇವ ನೋಡುವ ಮೀಟರ್ ಇರುತ್ತದೆ, ಒಂದು ಹಿಡಿ ಒಯ್ದು ನೋಡಿಸಿ.

ಬಿಸಿಲಿನಿಂದ ತೆಗೆದ ಬಿಸಿ ಕಾಳನ್ನು ಹಾಗೇ ಚೀಲಕ್ಕೆ ತುಂಬಬೇಡಿ. ನೆರಳಿನಲ್ಲಿ ಆರಲು ಬಿಡಿ. ಆದರೆ ರಾತ್ರಿ ಪೂರ್ತಿ ಬಿಡಬೇಡಿ, ಮತ್ತೆ ತೇವ ಕುಡಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ. ಪ್ಲಾಸ್ಟಿಕ್ಕಿನ ಬಾಯಿ ತಿರುಚಿ, ಮಡಚಿ, ಬಿಗಿಯಾಗಿ ಕಟ್ಟಿ. ಚಾಲಿ ಅಡಿಕೆಗೂ ಇದೇ. ಬರೀ ಗೋಣಿಯಲ್ಲಿಟ್ಟರೆ ಗೋಣಿಯೇ ಮೊದಲು ನೀರು ಕುಡಿದು ಒಳಗೆ ದಾಟಿಸುತ್ತದೆ.

ಸಿಲಿಕಾ ಜೆಲ್ ಕೆಲಸ ಮಾಡುವುದು ಇಲ್ಲಿ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬದಲ್ಲಿ. ಜಮೀನಿನ ಪತ್ರ, ಜಾತಕ, ಹಳೇ ಫೋಟೋಗಳನ್ನು ನಾನು ರಬ್ಬರ್ ಅಂಚಿನ 30 ಲೀಟರ್ ಡಬ್ಬದಲ್ಲಿ ಇಟ್ಟಿದ್ದೇನೆ, ಜೊತೆಗೆ ಕಾಲು ಕೆಜಿ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ. ಕಾಗದಗಳನ್ನು ಮಾರ್ಚ್‌ನಲ್ಲಿ, ನೆರಳಲ್ಲಿ ಗಾಳಿಗೆ ಹರಡಿ ಒಣಗಿಸಿಯೇ ಇಟ್ಟದ್ದು. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ನೀರು ಕುಡಿದಾಗ ಹಸಿರಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿರುವ ಕೋಬಾಲ್ಟ್ ವಿಷ, ಅಡುಗೆ ಸಾಮಾನಿನ ಹತ್ತಿರ ಬೇಡ. ಬಣ್ಣ ಬದಲಾದ ಮೇಲೆ ಓವನ್‌ನಲ್ಲಿ 110, 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಹೊಸದರಂತೆ. ಮೂಲ ಪತ್ರಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಒಳಗೆ ಸಿಕ್ಕ ತೇವ ಅಲ್ಲೇ ಉಳಿಯುತ್ತದೆ.

ಅಂಗಡಿಯಲ್ಲಿ ಸಿಗುವ, ನೀರು ತುಂಬಿಕೊಳ್ಳುವ ಡಬ್ಬಿಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಸಿಲಿಕಾ ಜೆಲ್‌ಗಿಂತ ಜಾಸ್ತಿ ಹೀರುತ್ತದೆ. ಬಟ್ಟೆಯ ಕಪಾಟಿಗೆ ಒಳ್ಳೆಯದು. ಆದರೆ ಆ ನೀರು ಚೆಲ್ಲಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಟ್ಟೆ ಹಾಳಾಗುತ್ತದೆ. ಸೀರೆಯ ಮೇಲೆ ತೂಗುಹಾಕದೆ ಕೆಳಗೆ ತಟ್ಟೆಯಲ್ಲಿ ಇಡಿ. ಸುಟ್ಟ ಸುಣ್ಣವೂ ನೀರು ಹೀರುತ್ತದೆ, ಆದರೆ ಅದಕ್ಕೆ ಒಂದೇ ಸಲ ನೀರು ತಾಗಿದರೆ ಕುದಿಯುವಷ್ಟು ಬಿಸಿಯಾಗುತ್ತದೆ. ಗೋಣಿ, ಕಾಗದ ಇರುವ ಕೋಣೆಯಲ್ಲಿ ನಾನು ಇಡುವುದಿಲ್ಲ. ನುಸಿಗುಳಿಗೆ ಹುಳಕ್ಕೆ ಮಾತ್ರ, ತೇವಕ್ಕೆ ಅಲ್ಲ.

ಕಬ್ಬಿಣದ ಟ್ರಂಕಿನ ಮುಚ್ಚಳದ ಒಳಮೈ ರಾತ್ರಿ ತಣ್ಣಗಾಗಿ ಬೆವರುತ್ತದೆ. ಒಳಗೆ ಸುತ್ತ ಹಳೇ ಕಾಟನ್ ಪಂಚೆ ಹಾಸಿ, ಮೇಲೂ ಹೊದಿಸಿ. ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮಲ್ಲು ಬಟ್ಟೆಯಲ್ಲಿ ಸುತ್ತಿಡಿ.

ಬೂಷ್ಟು ಬಂದೇ ಬಿಟ್ಟರೆ

ಶೇಂಗಾ, ಕೊಬ್ಬರಿ, ಒಣಮೆಣಸಿನಕಾಯಿ, ಜೋಳಕ್ಕೆ ಬೂಷ್ಟು ಬಂದಿದ್ದರೆ ತೊಳೆದು, ಒರೆಸಿ, ಹುರಿದು ಬಳಸಬೇಡಿ. ಅಫ್ಲಟಾಕ್ಸಿನ್ ಅನ್ನುವ ವಿಷ ಇವುಗಳಲ್ಲಿ ಬರುತ್ತದೆ, ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಮನೆಯ ಅಡುಗೆಯ ಬಿಸಿಗೆ ಅದು ಹೋಗುವುದಿಲ್ಲ. ದನಕ್ಕೂ ಹಾಕಬೇಡಿ, ಹಾಲಿಗೆ ಬರುತ್ತದೆ. ನಷ್ಟ ಅನ್ನಿಸಿದರೂ ಗುಂಡಿಗೆ ಹಾಕಿ ಮುಚ್ಚಿ. ನನ್ನ ಮೆಣಸಿನಲ್ಲೂ ಕೆಳಗಿನ ಅರ್ಧ ಚೀಲ ಹಾಗೇ ಹೋಯಿತು.

ಬಟ್ಟೆ, ಪುಸ್ತಕದ ಬೂಷ್ಟನ್ನು ಹಸಿಯಾಗಿರುವಾಗ ಉಜ್ಜಬೇಡಿ, ಒಳಗೆ ಇಳಿಯುತ್ತದೆ. ಮೊದಲು ಒಣಗಿಸಿ. ಆಮೇಲೆ ಹೊರಗೆ ಜಗಲಿಗೆ ತಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತಗಿನ ಬ್ರಶ್ಶಿನಿಂದ ಗುಡಿಸಿ. ರೇಷ್ಮೆಗೆ ನೆರಳು, ಹತ್ತಿಗೆ ಬಿಸಿಲು. ಮರದ ಹಲಗೆಯನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಸಾಮಾನು ವಾಪಸ್ ಇಡಿ. ಆ ಹಲಗೆ ಯಾವ ಗೋಡೆಯ ಪಕ್ಕದಲ್ಲಿತ್ತು ಅಂತ ಗುರುತು ಹಾಕಿಕೊಳ್ಳಿ, ಬರುವ ಫೆಬ್ರವರಿಯಲ್ಲಿ ಹೊರಗಿನಿಂದ ಆ ಗೋಡೆಯ ಕೆಲಸ ಮಾಡಿಸಬೇಕು.

ನಮ್ಮ ಉಗ್ರಾಣದ ಬಾಗಿಲ ಹಿಂದೆ ಈಗ ಸೀಮೆಸುಣ್ಣದಲ್ಲಿ ದಿನಾ ಎರಡು ಅಂಕಿ ಬರೆಯುತ್ತೇವೆ, ಒಳಗಿನದು ಮತ್ತು ಹೊರಗಿನದು. ಹೋದ ವರ್ಷ ಪುಷ್ಯ ಮಳೆಯ ಒಂದು ವಾರ ಹೊರಗೆ 96, ಒಳಗೆ 68. ಡಬ್ಬದೊಳಗಿನ ಪುಟ್ಟ ಮೀಟರ್ 48 ತೋರಿಸುತ್ತಿತ್ತು. ನವರಾತ್ರಿ ಹೊತ್ತಿಗೆ ಹಪ್ಪಳದ ಡಬ್ಬ ತೆಗೆದು ಒಂದು ಹಪ್ಪಳ ಮುರಿದೆವು, ಏಪ್ರಿಲ್‌ನಲ್ಲಿ ಇಟ್ಟಾಗ ಮಾಡಿದ ಶಬ್ದವನ್ನೇ ಮಾಡಿತು.